ನಾವು ದಾಟಿ ಹೋದ ಮನುಷ್ಯ

‘ಒಂದೇ ಗುಕ್ಕಿಗೆ ಓದಿ ಮುಗಿಸಿದೆ’ ಎಂಬ ಮಾತು ನಮ್ಮಲ್ಲಿ ಎರಡು ಅರ್ಥದಲ್ಲಿ ಓಡಾಡುತ್ತದೆ. ಓದಿದವರು ಅದನ್ನು ಹೊಗಳಿಕೆಯಾಗಿ ಹೇಳುತ್ತಾರೆ. ಕೇಳಿಸಿಕೊಳ್ಳುವ ಗಂಭೀರ ಓದುಗರು ಅಷ್ಟರಲ್ಲೇ ಪುಸ್ತಕಕ್ಕೆ ಬೆಲೆ ಕಟ್ಟಿಬಿಡುತ್ತಾರೆ. ರಾತ್ರಿ ಊಟವಾದ ಮೇಲೆ ಕೈಗೆತ್ತಿಕೊಂಡದ್ದು ಬೆಳಗಿನ ಜಾವಕ್ಕೆ ಮುಗಿದುಹೋಯಿತೆಂದರೆ, ತಡೆದು ನಿಲ್ಲಿಸಿ ಯೋಚನೆಗೆ ಹಚ್ಚುವಂಥದ್ದು ಅದರಲ್ಲಿ ಇರಲಿಲ್ಲ ಎಂಬುದು ಅವರ ಲೆಕ್ಕ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಕನ್ನಡದ ಒಂದು ತಲೆಮಾರಿಗೇ ಓದಿನ ಚಟ ಹತ್ತಿಸಿದರು. ನಮ್ಮ ವಿಮರ್ಶೆ ಮಾತ್ರ ಅವರತ್ತ ತಿರುಗಿ ನೋಡಿದ್ದು ಕಡಿಮೆ. ವೇಗವಾಗಿ ಓದಿಸಿಕೊಳ್ಳುವುದು ಮತ್ತು ಹಗುರವಾಗಿರುವುದು ಎರಡೂ ಒಂದೇ ಎಂದು ನಾವು ಎಂದೋ ತೀರ್ಮಾನಿಸಿ ಆಗಿದೆ.

ಈ ತೀರ್ಮಾನ ತಪ್ಪು ಎಂದು ನಾನು ನಂಬಿದ್ದೇನೆ. ಕೆಲವು ಸತ್ಯಗಳನ್ನು ವೇಗದ ಕಾದಂಬರಿ ಮಾತ್ರ ಹೇಳಬಲ್ಲದು. ನಾವು ಎಷ್ಟು ಅವಸರದಲ್ಲಿ ಬದುಕುತ್ತೇವೆ, ಆ ಅವಸರದಲ್ಲಿ ಯಾರನ್ನೆಲ್ಲ ಕಂಡೂ ಕಾಣದಂತೆ ದಾಟಿ ಹೋಗುತ್ತೇವೆ ಎಂಬುದನ್ನು ತೋರಿಸಬೇಕಾದರೆ ಓದುಗನನ್ನು ಮೊದಲು ಓಡಿಸಬೇಕು. ಓಡುತ್ತಿರುವಾಗಲೇ ಅವನಿಂದ ಆ ತಪ್ಪು ಮಾಡಿಸಬೇಕು. ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ಮಾಡಿ ತೋರಿಸಿದ ಕೃತಿ ಜಪಾನಿನ ಕೇಗೊ ಹಿಗಾಶಿನೊ ಅವರ ‘ಯೋಗಿಶಾ ಎಕ್ಸ್ ನೊ ಕೆನ್‌ಶಿನ್’. 2005ರಲ್ಲಿ ಪುಸ್ತಕವಾಗಿ ಬಂದ ಇದನ್ನು ನಮ್ಮಲ್ಲಿ ಬಹಳ ಜನ ಓದಿರುವುದು 2011ರ ಇಂಗ್ಲಿಷ್ ಅನುವಾದದಲ್ಲಿ, ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಎಂಬ ಹೆಸರಿನಿಂದ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಕಾದಂಬರಿಯ ಕೊನೆಯ ಗುಟ್ಟನ್ನು ನಾನು ಇಲ್ಲಿ ಪೂರ್ತಿ ಬಿಚ್ಚಿಡುತ್ತಿದ್ದೇನೆ. ಕೃತಿಯ ತೂಕವೆಲ್ಲ ಆ ಗುಟ್ಟಿನಲ್ಲೇ ಇರುವುದರಿಂದ ಅದನ್ನು ಮುಚ್ಚಿಟ್ಟು ವಾದ ಮಾಡಲು ಬರುವುದಿಲ್ಲ. ಓದಬೇಕೆಂದಿರುವವರು ಪುಸ್ತಕ ಮುಗಿಸಿ ಬಂದು ಇದನ್ನು ಓದುವುದು ಒಳ್ಳೆಯದು.

ಕತೆಯ ಹೊರಮೈ ಸರಳ. ಇಶಿಗಾಮಿ ಟೋಕಿಯೊದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಕಾಲೇಜಿನ ದಿನಗಳಲ್ಲಿ ಎಲ್ಲರೂ ಮಹಾ ಪ್ರತಿಭಾವಂತನೆಂದು ಒಪ್ಪಿಕೊಂಡಿದ್ದವನು. ಸಂಸಾರದ ತಾಪತ್ರಯಗಳಿಂದ ಸಂಶೋಧನೆ ಕೈಬಿಟ್ಟು, ಗಣಿತ ಬೇಡವಾದ ಹುಡುಗರಿಗೆ ಗಣಿತ ಕಲಿಸುತ್ತ ಒಂಟಿಯಾಗಿ ಬದುಕುತ್ತಿದ್ದಾನೆ. ಪಕ್ಕದ ಮನೆಯಲ್ಲಿ ಯಾಸುಕೊ ಹನಾಓಕಾ ಎಂಬ ಹೆಂಗಸು, ಶಾಲೆಗೆ ಹೋಗುವ ಮಗಳು ಮಿಸಾತೊ. ಯಾಸುಕೊ ಬುತ್ತಿ ಊಟ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಇಶಿಗಾಮಿ ದಿನವೂ ಅಲ್ಲಿಂದ ಬುತ್ತಿ ಕೊಳ್ಳುತ್ತಾನೆ. ಅಷ್ಟೇ ಅವರ ಸಂಬಂಧ. ಒಂದು ಸಂಜೆ ಅವಳ ಮಾಜಿ ಗಂಡ ತೊಗಾಶಿ ಹಣ ಕೀಳಲು ಮನೆಗೆ ಬರುತ್ತಾನೆ. ಜಗಳ ಕೈಮೀರುತ್ತದೆ. ತಾಯಿ ಮಗಳು ಸೇರಿ ಅವನ ಕುತ್ತಿಗೆಗೆ ಕೊತಾತ್ಸುವಿನ ವಯರು ಬಿಗಿದು ಕೊಲ್ಲುತ್ತಾರೆ. ಚಳಿಗಾಲದಲ್ಲಿ ಕಾಲು ಬೆಚ್ಚಗಿಟ್ಟುಕೊಳ್ಳಲು ಜಪಾನಿನ ಮನೆಗಳಲ್ಲಿರುವ, ಕೆಳಗೆ ಹೀಟರ್ ಇರುವ ಕುಳ್ಳ ಮೇಜು ಅದು. ಗೋಡೆಯಾಚೆ ಸದ್ದು ಕೇಳಿದ ಇಶಿಗಾಮಿ ಬಂದು ಬಾಗಿಲು ತಟ್ಟುತ್ತಾನೆ, ಎಲ್ಲವನ್ನೂ ನನಗೆ ಬಿಡಿ ಎನ್ನುತ್ತಾನೆ.

ಕೊಂದವರು ಯಾರೆಂದು ಶುರುವಿನಲ್ಲೇ ಗೊತ್ತಾಯಿತು. ಹೀಗೆ ಕೊಲೆಗಾರನನ್ನು ಮೊದಲೇ ತೋರಿಸಿ ಕತೆ ಕಟ್ಟುವ ಕ್ರಮವನ್ನು ಇಂಗ್ಲಿಷಿನಲ್ಲಿ ಆಸ್ಟಿನ್ ಫ್ರೀಮನ್ ನೂರು ವರ್ಷಗಳ ಹಿಂದೆಯೇ ರೂಢಿಸಿದ್ದ. ಅದು ಹಿಗಾಶಿನೊ ಕಂಡುಹಿಡಿದದ್ದಲ್ಲ. ಪುಟ ತಿರುಗಿಸುವ ಆತುರ ಇಲ್ಲಿ ‘ಯಾರು’ ಎಂಬ ಪ್ರಶ್ನೆಯಿಂದ ‘ಹೇಗೆ ಪಾರಾಗುತ್ತಾರೆ’ ಎಂಬ ಪ್ರಶ್ನೆಗೆ ಜಿಗಿಯುತ್ತದೆ. ಹಳೆಯ ಎಡೊಗಾವಾ ನದಿಯ ದಂಡೆಯಲ್ಲಿ ಗಂಡಸಿನ ಶವ ಸಿಗುತ್ತದೆ. ಮುಖ ಜಜ್ಜಿದೆ, ಬೆರಳಚ್ಚು ಸಿಗದಂತೆ ಬೆರಳ ತುದಿ ಸುಟ್ಟಿದೆ, ಬಟ್ಟೆ ಅರೆಬರೆ ಬೆಂದಿದೆ, ಹತ್ತಿರದಲ್ಲೇ ಕದ್ದು ತಂದ ಸೈಕಲ್ಲು ಬಿದ್ದಿದೆ. ಸತ್ತವನು ತೊಗಾಶಿ ಎಂದು ಪೊಲೀಸರು ಪತ್ತೆ ಮಾಡುತ್ತಾರೆ, ಸತ್ತದ್ದು ಮಾರ್ಚ್ 10ರ ರಾತ್ರಿ ಎನ್ನುತ್ತಾರೆ. ಅನುಮಾನ ಸಹಜವಾಗಿ ಯಾಸುಕೊ ಮೇಲೆ. 10ರ ರಾತ್ರಿ ಎಲ್ಲಿದ್ದೆ ಎಂದು ಕೇಳಿದರೆ, ಮಗಳ ಜೊತೆ ಸಿನಿಮಾಕ್ಕೆ ಹೋಗಿದ್ದೆ, ರಾಮೆನ್ ತಿಂದು ಕ್ಯಾರಿಯೋಕೆಗೆ ಹೋದೆವು ಎನ್ನುತ್ತಾಳೆ. ತನಿಖೆ ಎಷ್ಟು ಗುದ್ದಿದರೂ ಈ ಮಾತು ಒಡೆಯುವುದಿಲ್ಲ. ಇಶಿಗಾಮಿಯ ಹಳೆಯ ಸಹಪಾಠಿ, ಭೌತವಿಜ್ಞಾನಿ ಯುಕಾವಾ ಈ ನಡುವೆ ಪ್ರವೇಶಿಸುತ್ತಾನೆ. ಇಬ್ಬರು ಅತಿ ಬುದ್ಧಿವಂತರ ನಡುವೆ ಪೈಪೋಟಿ ಶುರುವಾಗುತ್ತದೆ. ಅಲ್ಲಿಂದ ಮುಂದೆ ಪುಸ್ತಕ ಕೆಳಗಿಡುವುದು ಕಷ್ಟ.

ಇನ್ನು ಗುಟ್ಟು. ಯಾಸುಕೊ ಹೇಳಿದ್ದು ನಿಜ. ಮಾರ್ಚ್ 10ರಂದು ಅವಳು ಸಿನಿಮಾ ನೋಡಿದ್ದಳು. ತೊಗಾಶಿ ಸತ್ತದ್ದು ಹಿಂದಿನ ದಿನ, 9ರಂದು. ಆ ದಿನದ ಬಗ್ಗೆ ಯಾರೂ ಅವಳನ್ನು ಕೇಳಲೇ ಇಲ್ಲ. ನದಿ ದಂಡೆಯ ಶವ ತೊಗಾಶಿಯದ್ದಲ್ಲ. ಇಶಿಗಾಮಿ 10ರಂದು ಇನ್ನೊಬ್ಬ ಮನುಷ್ಯನನ್ನು ಕೊಂದು ಆ ಹೆಣವನ್ನು ತೊಗಾಶಿಯ ಹೆಣವಾಗಿಸಿದ್ದ. ಒಂದು ದಿನದ ಕೆಲಸವಿದೆ ಎಂದು ಆ ಮನುಷ್ಯನನ್ನು ಕರೆದು, ತೊಗಾಶಿ ತಂಗಿದ್ದ ಬಾಡಿಗೆ ಕೋಣೆಯಲ್ಲಿ ಅವನನ್ನು ಇರಿಸಿ, ಅಲ್ಲಿ ಅವನ ಕೂದಲು, ಬೆರಳಚ್ಚು ಉಳಿಯುವಂತೆ ಮಾಡಿ, ಸಂಜೆ ನದಿಯ ಬಳಿ ಕೊರಳಿಗೆ ಉರುಳು ಹಾಕಿದ್ದ. ನಿಜವಾದ ತೊಗಾಶಿಯ ದೇಹವನ್ನು ತುಂಡು ಮಾಡಿ ಬೇರೆಡೆ ನೀರುಪಾಲು ಮಾಡಿದ್ದ. ಅವನು ತನ್ನ ವಿದ್ಯಾರ್ಥಿಗಳಿಗೆ ರೇಖಾಗಣಿತದಂತೆ ಕಾಣುವ, ಆದರೆ ಬಿಡಿಸಲು ಬೀಜಗಣಿತ ಬೇಕಾಗುವ ಲೆಕ್ಕಗಳನ್ನು ಕೊಡುತ್ತಿದ್ದ. ಪೊಲೀಸರಿಗೆ ಕೊಟ್ಟದ್ದೂ ಅಂಥದ್ದೇ. ಅವರು ಅಲಿಬಿ ಒಡೆಯಲು ಹೆಣಗುತ್ತಿದ್ದರು. ಒಡೆಯಬೇಕಿದ್ದದ್ದು ಸತ್ತವನ ಗುರುತು.

ಆ ಇನ್ನೊಬ್ಬ ಮನುಷ್ಯ ಯಾರು? ಪುಸ್ತಕ ಮುಗಿಸಿದವರನ್ನು ಈ ಪ್ರಶ್ನೆ ಕೇಳಿ ನೋಡಿ. ಬಹುತೇಕರು ತಡವರಿಸುತ್ತಾರೆ. ‘ಯಾರೋ ಮನೆಯಿಲ್ಲದವನು’ ಎನ್ನುತ್ತಾರೆ.

ಅವನು ಎಲ್ಲಿಂದಲೋ ಕೊನೆಗೆ ಬಂದವನಲ್ಲ. ಕಾದಂಬರಿಯ ಮೊಟ್ಟಮೊದಲ ಪುಟಗಳಲ್ಲೇ ಕಾಣಿಸಿಕೊಂಡವನು. ಕತೆ ಶುರುವಾಗುವುದು ಇಶಿಗಾಮಿ ಬೆಳಿಗ್ಗೆ ಕೆಲಸಕ್ಕೆ ನಡೆದುಹೋಗುವುದರಿಂದ. ಅವನು ಶಿನ್-ಓಹಾಶಿ ಸೇತುವೆಯ ಬಳಿ ಸುಮಿದಾ ನದಿಯ ದಂಡೆಗೆ ಇಳಿದು, ಕಿಯೋಸು ಸೇತುವೆಯ ಕಡೆಗೆ ಸಾಗುತ್ತಾನೆ. ದಂಡೆಯುದ್ದಕ್ಕೂ ನೀಲಿ ಟಾರ್ಪಾಲಿನ ಜೋಪಡಿಗಳು. ಒಬ್ಬ ಖಾಲಿ ಡಬ್ಬಗಳನ್ನು ತುಳಿದು ಚಪ್ಪಟೆ ಮಾಡುತ್ತಿರುತ್ತಾನೆ. ಇಶಿಗಾಮಿ ಮನಸ್ಸಿನಲ್ಲೇ ಅವನಿಗೊಂದು ಅಡ್ಡಹೆಸರು ಇಟ್ಟಿದ್ದಾನೆ. ಇನ್ನೊಬ್ಬ ಅಲ್ಲಿಗೆ ಹೊಸಬ. ಕೂದಲು ಇನ್ನೂ ಉದ್ದ ಬಿಟ್ಟಿಲ್ಲ, ಬೆಂಚಿನ ಮೇಲೆ ಕೂತು ಯಂತ್ರೋದ್ಯಮದ ಪತ್ರಿಕೆ ಓದುತ್ತಿರುತ್ತಾನೆ. ಅವನಿಗೆ ಇಶಿಗಾಮಿ ಇಟ್ಟ ಹೆಸರು ‘ಎಂಜಿನಿಯರ್’. ಇವನು ಇನ್ನೂ ಕೆಲಸ ಸಿಕ್ಕೀತು ಎಂಬ ಆಸೆ ಬಿಟ್ಟಿಲ್ಲ ಎಂದು ಮೇಷ್ಟ್ರು ಅಂದಾಜು ಮಾಡುತ್ತಾನೆ. ಮುಂದೆ ಅವನೇ ಆ ಮನುಷ್ಯನನ್ನು ಕೆಲಸದ ಆಸೆ ತೋರಿಸಿಯೇ ಕರೆದೊಯ್ಯುವುದು. ಹಿಗಾಶಿನೊ ಸ್ವತಃ ವಿದ್ಯುತ್ ಎಂಜಿನಿಯರಿಂಗ್ ಓದಿ ವಾಹನಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಮಾಡಿದವರು. 1985ರಲ್ಲಿ ಪತ್ತೇದಾರಿ ಬರವಣಿಗೆಗೆ ಕೊಡುವ ಎಡೊಗಾವಾ ರಾಂಪೊ ಪ್ರಶಸ್ತಿ ಬಂದ ನಂತರ ನೌಕರಿ ಬಿಟ್ಟರು. ಬೆಂಚಿನ ಮೇಲಿನ ಆ ಮನುಷ್ಯನ ಕೈಗೆ ಅವರು ಯಾವ ಪತ್ರಿಕೆ ಕೊಟ್ಟರು ಎಂಬುದು ನನ್ನ ಮನಸ್ಸಿಗೆ ನಾಟುತ್ತದೆ.

ಈಗ ಓದುಗ ಏನು ಮಾಡಿದ ಎಂಬುದನ್ನು ನೋಡೋಣ. ಪತ್ತೇದಾರಿ ಕಾದಂಬರಿ ಹಿಡಿದವರು ಮೊದಲ ಎರಡು ಮೂರು ಪುಟಗಳನ್ನು ಹೇಗೆ ಓದುತ್ತಾರೆಂದು ಎಲ್ಲರಿಗೂ ಗೊತ್ತು. ಇನ್ನೂ ಯಾರೂ ಸತ್ತಿಲ್ಲ. ಊರು, ದಾರಿ, ಹವೆ, ಇವೆಲ್ಲ ಪೀಠಿಕೆ. ಕಣ್ಣು ಅವುಗಳ ಮೇಲೆ ಹಾರಿಕೊಂಡು ಹೋಗುತ್ತದೆ. ನೀಲಿ ಟಾರ್ಪಾಲು ಕಂಡಾಗ ‘ಸರಿ, ಬಡವರ ಬೀದಿ’ ಎಂದು ಮನಸ್ಸು ಟಿಪ್ಪಣಿ ಹಾಕಿಕೊಂಡು ಮುಂದಿನ ಪುಟಕ್ಕೆ ಹೊರಳುತ್ತದೆ. ಟೋಕಿಯೊದ ನೌಕರರು ಬೆಳಿಗ್ಗೆ ಅದೇ ದಾರಿಯಲ್ಲಿ ನಡೆದುಹೋಗುವಾಗ ಮಾಡುವುದೂ ಇದನ್ನೇ. ಓದುವ ಕಣ್ಣು ಮತ್ತು ನಡೆಯುವ ಕಣ್ಣು ಇಲ್ಲಿ ಒಂದೇ ತಪ್ಪನ್ನು ಮಾಡುತ್ತವೆ, ಅದೂ ಒಂದೇ ಕಾರಣಕ್ಕೆ: ಆ ಮನುಷ್ಯನಿಂದ ನಮಗೆ ಆಗಬೇಕಾದದ್ದು ಏನೂ ಇಲ್ಲ. ಇಶಿಗಾಮಿಯ ಯೋಜನೆ ನಿಂತಿರುವುದು ಈ ಒಂದು ಖಾತ್ರಿಯ ಮೇಲೆ. ಬೆಂಚಿನ ಮೇಲಿನ ಮನುಷ್ಯ ನಾಳೆ ಇಲ್ಲದೆ ಹೋದರೆ ಯಾರೂ ದೂರು ಕೊಡುವುದಿಲ್ಲ, ಯಾರೂ ಹುಡುಕುವುದಿಲ್ಲ. ಮುನ್ನೂರು ಪುಟ ನಾವೂ ಹುಡುಕಲಿಲ್ಲ. ನಡುವೆ ಒಮ್ಮೆ ಇಶಿಗಾಮಿಯೇ ಯುಕಾವಾನನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಈ ಜನ ಗಡಿಯಾರದಷ್ಟು ಕರಾರುವಾಕ್ಕಾಗಿ ಬದುಕುತ್ತಾರೆ ಎಂದು ಮಾತಾಡುತ್ತಾನೆ. ಆಗಲೂ ‘ಎಂಜಿನಿಯರ್ ಎಲ್ಲಿ?’ ಎಂದು ನಮಗೆ ಅನಿಸುವುದಿಲ್ಲ.

ಇದೇ ವಸ್ತುವನ್ನು ನಿಧಾನಗತಿಯ, ಸಾಹಿತ್ಯಕ ಎನಿಸಿಕೊಂಡ ಕಾದಂಬರಿ ಎತ್ತಿಕೊಂಡಿದ್ದರೆ ಏನಾಗುತ್ತಿತ್ತು? ಅಲ್ಲಿ ಓದುಗ ಪ್ರತಿ ವಿವರವನ್ನೂ ತೂಗಿ ನೋಡುವ ಮನಸ್ಥಿತಿಯಲ್ಲಿ ಇರುತ್ತಾನೆ. ನದಿ ದಂಡೆಯ ನಿರ್ಗತಿಕ ಬಂದ ಕೂಡಲೇ ‘ಇದು ಮುಖ್ಯ’ ಎಂದು ಗುರುತು ಹಾಕಿಕೊಳ್ಳುತ್ತಾನೆ, ಕರುಣೆ ಸಿದ್ಧ ಮಾಡಿಕೊಳ್ಳುತ್ತಾನೆ. ಪುಸ್ತಕ ಮುಗಿಸಿದಾಗ ಕಣ್ಣು ಒದ್ದೆಯಾಗಿರುತ್ತದೆ, ತಾನು ಒಳ್ಳೆಯವನೆಂಬ ನಂಬಿಕೆಯೂ ಗಟ್ಟಿಯಾಗಿರುತ್ತದೆ. ಹಿಗಾಶಿನೊ ಆ ಸಮಾಧಾನಕ್ಕೆ ಜಾಗವನ್ನೇ ಬಿಡುವುದಿಲ್ಲ. ಅವರು ವೇಗವನ್ನು ಬಳಸಿ ನಮ್ಮ ನಿಜವಾದ ಅಭ್ಯಾಸವನ್ನು ಹೊರಗೆಳೆಯುತ್ತಾರೆ. ಗುಟ್ಟು ಬಿಚ್ಚಿಕೊಂಡಾಗ ಆಗುವ ಬೆರಗಿನ ಅಡಿಯಲ್ಲಿ ಒಂದು ಅವಮಾನವೂ ಇರುತ್ತದೆ: ಕಣ್ಣೆದುರೇ ಇದ್ದ ಮನುಷ್ಯನನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಜಪಾನಿನಲ್ಲಿ ಆ ಹೊತ್ತಿನ ವಾಸ್ತವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1990ರ ಆಸುಪಾಸಿನಲ್ಲಿ ಅಲ್ಲಿನ ಷೇರು ಮತ್ತು ಭೂಮಿ ಬೆಲೆಯ ಗುಳ್ಳೆ ಒಡೆಯಿತು. ಕೂಲಿ ಕೆಲಸಗಳು ಬತ್ತಿದವು, ಕಂಪನಿಗಳು ನೌಕರರನ್ನು ಕೈಬಿಟ್ಟವು. ನದಿ ದಂಡೆ, ಉದ್ಯಾನ, ನಿಲ್ದಾಣಗಳಲ್ಲಿ ನೀಲಿ ಟಾರ್ಪಾಲುಗಳು ಎದ್ದವು. ಮನೆಯಿಲ್ಲದವರ ನೆರವಿಗೆಂದು 2002ರಲ್ಲಿ ವಿಶೇಷ ಕಾನೂನು ಬಂತು. ಮರುವರ್ಷ ಸರ್ಕಾರ ದೇಶದಾದ್ಯಂತ ಎಣಿಸಿದಾಗ 25,296 ಜನ ಸಿಕ್ಕರು. ಈ ಕಾದಂಬರಿ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದದ್ದು ಅದೇ 2003ರಲ್ಲಿ. 2024ರ ಎಣಿಕೆಯಲ್ಲಿ ಈ ಸಂಖ್ಯೆ 2,820ಕ್ಕೆ ಇಳಿದಿದೆ. ನೆರವಿನ ಯೋಜನೆಗಳ ಪಾಲು ಇದರಲ್ಲಿ ನಿಜವಾಗಿಯೂ ಇದೆ. ಆದರೆ ಈ ಎಣಿಕೆಯ ಕ್ರಮ ಗಮನಿಸಬೇಕಾದದ್ದು. ಸಿಬ್ಬಂದಿ ಸುತ್ತಾಡಿ ಕಣ್ಣಿಗೆ ಬಿದ್ದವರನ್ನು ಲೆಕ್ಕ ಹಾಕುತ್ತಾರೆ. ರಾತ್ರಿಯಿಡೀ ತೆರೆದಿರುವ ಇಂಟರ್ನೆಟ್ ಕೆಫೆಗಳ ಪುಟ್ಟ ಗೂಡುಗಳಲ್ಲಿ ಮಲಗುವವರು ಇದರಲ್ಲಿ ಬರುವುದಿಲ್ಲ. ಟೋಕಿಯೊ ಮಹಾನಗರ ಆಡಳಿತವೇ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಆ ನಗರವೊಂದರಲ್ಲೇ ಹಾಗೆ ರಾತ್ರಿ ಕಳೆಯುವ ನೆಲೆಯಿಲ್ಲದವರು ದಿನಕ್ಕೆ ಸುಮಾರು 4,000. ಕಣ್ಣಿಗೆ ಬಿದ್ದವರನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಇಶಿಗಾಮಿ ಕಂಡುಕೊಂಡ ಬಿರುಕು ಇನ್ನೂ ಹಾಗೆಯೇ ಇದೆ.

ಸಮಾಜದ ಸಿದ್ಧ ಕಲ್ಪನೆಗಳನ್ನೇ ಮುಸುಕಾಗಿ ಬಳಸುವ ಈ ದಾರಿ ಜಪಾನಿ ಪತ್ತೇದಾರಿ ಸಾಹಿತ್ಯದಲ್ಲಿ ಹಿಗಾಶಿನೊಗಿಂತ ಹಳೆಯದು. ಸೇಚೊ ಮಾತ್ಸುಮೊತೊ ಅವರ ‘ತೆನ್ ತೊ ಸೆನ್’ 1957–58ರಲ್ಲಿ ಪ್ರವಾಸ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಫುಕುಓಕಾದ ಕಾಶಿಯಿ ಕಡಲ ತೀರದಲ್ಲಿ ಸಚಿವಾಲಯದ ಅಧಿಕಾರಿಯೊಬ್ಬ ಮತ್ತು ಉಪಾಹಾರಗೃಹದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಪಕ್ಕಪಕ್ಕದಲ್ಲಿ ಸತ್ತು ಬಿದ್ದಿದ್ದಾರೆ. ಸಯನೈಡ್ ಸೇವನೆ. ಪ್ರೇಮಿಗಳು ಜೊತೆಯಾಗಿ ಸಾಯುವುದು ಜಪಾನಿನಲ್ಲಿ ರಂಗಭೂಮಿಯಿಂದ ಹಿಡಿದು ದಿನಪತ್ರಿಕೆಯವರೆಗೆ ಎಲ್ಲರಿಗೂ ಪರಿಚಿತವಾದ ಕತೆ. ಆದ್ದರಿಂದ ಎರಡು ಹೆಣ ಕಂಡ ಕೂಡಲೇ ಎಲ್ಲರೂ ನಡುವೆ ಪ್ರೀತಿಯ ಗೆರೆ ಎಳೆಯುತ್ತಾರೆ. ಊರಿನ ಹಿರಿಯ ಪತ್ತೇದಾರ ತೊರಿಗಾಯಿಗೆ ಮಾತ್ರ ಸತ್ತವನ ಜೇಬಿನಲ್ಲಿದ್ದ ರೈಲಿನ ಊಟದ ಬಿಲ್ಲು ಕಾಡುತ್ತದೆ. ಅದರಲ್ಲಿ ಒಬ್ಬರ ಊಟದ ಲೆಕ್ಕವಷ್ಟೇ ಇದೆ. ಸಾಯಲು ಹೊರಟ ಪ್ರೇಮಿಗಳಲ್ಲಿ ಒಬ್ಬನೇ ಕೂತು ಉಂಡನೇ? ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರಂನಿಂದ 15ನೇ ಪ್ಲಾಟ್‌ಫಾರಂ ಕಾಣುವುದು ದಿನದಲ್ಲಿ ಕೇವಲ ನಾಲ್ಕು ನಿಮಿಷ ಎಂಬ ಪ್ರಸಿದ್ಧ ಸುಳಿವು ಆಮೇಲಿನದು. ಎಲ್ಲರೂ ಆ ನಾಲ್ಕು ನಿಮಿಷವನ್ನೇ ಹೊಗಳುತ್ತಾರೆ. ನನಗೆ ಊಟದ ಬಿಲ್ಲು ಹೆಚ್ಚು. ಆ ಚೂರು ಕಾಗದ ಹಿಡಿದುಕೊಂಡು ಹೊರಟ ಮಾತ್ಸುಮೊತೊ, ಕೊನೆಗೆ ಸಚಿವಾಲಯದ ಭ್ರಷ್ಟಾಚಾರದವರೆಗೆ ನಡೆದುಹೋಗುತ್ತಾರೆ. ಕಿತಾಕ್ಯೂಶೂ ಕಡೆಯ ಬಡ ಮನೆಯಿಂದ ಬಂದು, ಮುದ್ರಣಾಲಯದ ಕೆಲಸ ಮಾಡುತ್ತ ಬೆಳೆದ ಈ ಲೇಖಕರಿಗೆ 1953ರಲ್ಲಿ ಸಿಕ್ಕಿದ್ದು ಗಂಭೀರ ಸಾಹಿತ್ಯಕ್ಕೆಂದೇ ಇರುವ ಅಕುತಗಾವಾ ಪ್ರಶಸ್ತಿ. ಆ ಪ್ರಶಸ್ತಿಗೆ ಯಾರ ಹೆಸರಿದೆಯೋ ಆ ಅಕುತಗಾವಾ ಕೂಡ 1922ರಲ್ಲಿ ಒಂದು ಕೊಲೆಯ ಸುತ್ತ ಪರಸ್ಪರ ಹೊಂದದ ಹೇಳಿಕೆಗಳನ್ನು ಜೋಡಿಸಿ ಕತೆ ಬರೆದಿದ್ದರು. ಕುರೊಸಾವಾ ಅವರ ‘ರಾಶೊಮನ್’ ಚಿತ್ರದ ತಿರುಳು ಅದೇ. ಕೊಲೆಯ ಕತೆ ಅಲ್ಲಿ ಸಾಹಿತ್ಯದ ಹೊರಜಗಲಿಯಲ್ಲಿ ಕೂತಿದ್ದೇ ಇಲ್ಲ.

ಹಾಗೆಂದು ಅಲ್ಲಿಯೂ ದಾರಿ ಸಲೀಸಾಗಿರಲಿಲ್ಲ. ಹಿಗಾಶಿನೊ ಐದು ಸಲ, ಜನಪ್ರಿಯ ಸಾಹಿತ್ಯಕ್ಕೆ ಕೊಡುವ ನಾವೊಕಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದು ಬರಿಗೈಯಲ್ಲಿ ಮರಳಿದರು. ಆರನೆಯ ಸಲ, 2006ರ ಜನವರಿಯಲ್ಲಿ, ಈ ಕೃತಿಗೆ ಅದು ಸಿಕ್ಕಿತು. ಆ ಹೊತ್ತಿಗೆ ಪತ್ತೇದಾರಿ ಲೇಖಕರ ವಲಯದೊಳಗೇ ವಾದ ಎದ್ದಿತ್ತು. ಲೇಖಕ ರೇತೊ ನಿಕಾಯಿದೊ ಇದನ್ನು ‘ಹೊನ್‌ಕಾಕು’ ಎಂದು ಕರೆಯಲು ಒಪ್ಪಲಿಲ್ಲ. ಓದುಗ ತಾನೇ ತರ್ಕಿಸಿ ಉತ್ತರ ಮುಟ್ಟುವಷ್ಟು ಸುಳಿವುಗಳನ್ನು ಲೇಖಕ ಪ್ರಾಮಾಣಿಕವಾಗಿ ಮುಂದಿಡಬೇಕು ಎಂಬ ಸಂಪ್ರದಾಯಕ್ಕೆ ಅಲ್ಲಿ ಆ ಹೆಸರು. ಇಲ್ಲಿ ಅಷ್ಟು ಸುಳಿವುಗಳಿಲ್ಲ ಎಂಬುದು ಅವರ ಆಕ್ಷೇಪ. ತರ್ಕದ ದೃಷ್ಟಿಯಿಂದ ಅವರ ಮಾತಿನಲ್ಲಿ ಹುರುಳಿದೆ. ಸತ್ತವನು ಬೇರೆಯವನು ಎಂದು ಸಿದ್ಧಮಾಡುವ ಪುರಾವೆ ಓದುಗನ ಕೈಯಲ್ಲಿ ಇಲ್ಲ. ಆದರೂ ಆ ವರ್ಷದ ಹೊನ್‌ಕಾಕು ಪ್ರಶಸ್ತಿ ಇದಕ್ಕೇ ಬಂತು, ಬಂದದ್ದು ಸರಿ ಎಂದು ನನ್ನ ಅಭಿಪ್ರಾಯ. ಸತ್ತವನನ್ನು ಮೊದಲ ಅಧ್ಯಾಯದಲ್ಲಿ ಬೆಳಕಿನಲ್ಲಿ ಕೂರಿಸಿ, ಅವನ ಬಟ್ಟೆಬರೆ, ಕೂದಲು, ಕೈಯಲ್ಲಿನ ಪತ್ರಿಕೆಯವರೆಗೆ ತೋರಿಸಿ, ಆಮೇಲೆ ಬೆಂಚು ಖಾಲಿಯಾದದ್ದನ್ನೂ ಮುಚ್ಚಿಡದ ಲೇಖಕ ಇನ್ನೇನು ಕೊಡಬೇಕಿತ್ತು? ಕೊಲೆ ನಡೆದ ಅಧ್ಯಾಯದಲ್ಲಿ ತಾರೀಖು ಹೇಳಿಲ್ಲ. 10 ಎಂಬ ಸಂಖ್ಯೆ ಪೊಲೀಸರದ್ದು. ಎರಡನ್ನೂ ಜೋಡಿಸಿದವರು ನಾವು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಆಕ್ಷೇಪ. ಈ ಕಾದಂಬರಿಯೇ ಆ ಮನುಷ್ಯನನ್ನು ಕಂಡಿದೆಯೇ? ಅವನಿಗೆ ಕೊನೆಯವರೆಗೂ ಹೆಸರಿಲ್ಲ. ಅವನ ಊರು, ಅವನು ಕೆಲಸ ಕಳೆದುಕೊಂಡ ಕಾರ್ಖಾನೆ, ಅವನಿಗಾಗಿ ಎಲ್ಲಾದರೂ ಕಾಯುತ್ತಿರಬಹುದಾದ ಜನ, ಯಾವುದರ ಸುದ್ದಿಯೂ ಇಲ್ಲ. ಕೊನೆಯ ಪುಟಗಳ ಕಣ್ಣೀರೆಲ್ಲ ಇಶಿಗಾಮಿಯ ಪಾಲಿಗೆ. ನೇಣು ಹಾಕಿಕೊಳ್ಳಲು ಹಗ್ಗ ಕಟ್ಟಿದ್ದ ಹೊತ್ತಿನಲ್ಲಿ ಹೊಸದಾಗಿ ಬಂದ ನೆರೆಯ ತಾಯಿ ಮಗಳು ಬಾಗಿಲ ಗಂಟೆ ಒತ್ತಿದ್ದರು, ಅವರಿಂದ ತಾನು ಬದುಕಿದೆ ಎಂಬುದು ಅವನ ಋಣ; ಆ ಋಣ ತೀರಿಸಲು ತನ್ನ ಇಡೀ ಬದುಕನ್ನು ಒತ್ತೆಯಿಟ್ಟ. ಯಾಸುಕೊ ತಪ್ಪೊಪ್ಪಿಕೊಂಡು ಬಂದಾಗ ಅವನು ಪ್ರಾಣಿಯಂತೆ ಗೋಳಿಡುತ್ತಾನೆ. ಓದುಗರು ‘ಎಂಥ ಪ್ರೀತಿ!’ ಎಂದು ಪುಸ್ತಕ ಮುಚ್ಚುತ್ತಾರೆ. ಶೀರ್ಷಿಕೆಯೂ ಅವನ ಸಮರ್ಪಣೆಯನ್ನೇ ಎತ್ತಿ ಹಿಡಿಯುತ್ತದೆ.

ಇದು ಕೃತಿಯ ನಿಜವಾದ ದೌರ್ಬಲ್ಯ. ಹಿಗಾಶಿನೊ ತಮ್ಮ ಕಟ್ಟಡದ ಶಕ್ತಿಯನ್ನು ತಾವೇ ಪೂರ್ತಿ ನಂಬದೆ ಕೊನೆಯಲ್ಲಿ ಅಳಿಸುವ ಹಾದಿ ಹಿಡಿದರು. ಇಶಿಗಾಮಿ ಯಾಸುಕೊಳ ಕೊಲೆಯನ್ನು ಮುಚ್ಚಿದ್ದು ಒಂದು. ತನ್ನ ಪ್ರೀತಿಯ ವೆಚ್ಚವನ್ನು ಏನೂ ಅರಿಯದ ಮೂರನೆಯವನೊಬ್ಬನ ಪ್ರಾಣದಿಂದ ತೀರಿಸಿದ್ದು ಇನ್ನೊಂದು. ಎರಡನೆಯದು ತಣ್ಣಗೆ ಲೆಕ್ಕ ಹಾಕಿ ಮಾಡಿದ ಕೊಲೆ, ಅದನ್ನು ತ್ಯಾಗವೆನ್ನಲು ನನ್ನ ಬಾಯಿ ಬರುವುದಿಲ್ಲ. ಯುಕಾವಾ ಒಮ್ಮೆ ಗೆಳೆಯನಿಗೆ ಹೇಳುವ ಮಾತಿನ ಸಾರ ಇಷ್ಟು: ಈ ಲೋಕದ ಯಂತ್ರದಲ್ಲಿ ಬೇಡವಾದ ಹಲ್ಲಿನಗಾಲಿ ಯಾವುದೂ ಇಲ್ಲ, ತನ್ನ ಬಳಕೆ ಏನೆಂಬುದನ್ನು ಆ ಗಾಲಿಯೇ ತೀರ್ಮಾನಿಸಬೇಕು. ಕಾದಂಬರಿಯ ತೀರ್ಪು ಆ ಮಾತಿನಲ್ಲಿ ಇದೆ. ಅಂತ್ಯದ ಭಾವಾವೇಶ ಅದನ್ನು ಮಸುಕು ಮಾಡುತ್ತದೆ, ಅಷ್ಟೇ, ಅಳಿಸಿಹಾಕುವುದಿಲ್ಲ.

ದಾಟಿಹೋದ ಮನುಷ್ಯನಿಗೆ ಮುಖ, ಹೆಸರು ಮರಳಿಸುವ ಕೆಲಸ ಹೇಗಿರುತ್ತದೆಂದು ನೋಡಬೇಕಾದರೆ ಮಿಯುಕಿ ಮಿಯಾಬೆ ಅವರ ‘ಕಾಶಾ’ (1992) ಓದಬೇಕು. ಗಾಯಗೊಂಡು ರಜೆಯ ಮೇಲಿರುವ ಪೊಲೀಸ್ ಅಧಿಕಾರಿ ಹೊನ್ಮಾ, ಸಂಬಂಧಿಕನ ಕೋರಿಕೆಯಂತೆ ಕಾಣೆಯಾದ ಭಾವಿ ವಧುವನ್ನು ಹುಡುಕಲು ಹೊರಡುತ್ತಾನೆ. ಕ್ರೆಡಿಟ್ ಕಾರ್ಡಿನ ಅರ್ಜಿಯಿಂದ ಎದ್ದ ಎಳೆ ಹಿಡಿದು ಹೋದರೆ, ಆ ಹೆಸರಿನ ನಿಜವಾದ ಹೆಂಗಸು ಬೇರೆ, ಅವಳ ಗುರುತನ್ನು ತೊಟ್ಟುಕೊಂಡು ಬದುಕುತ್ತಿದ್ದವಳು ಬೇರೆ ಎಂದು ತಿಳಿಯುತ್ತದೆ. ಇಬ್ಬರನ್ನೂ ಆ ಸ್ಥಿತಿಗೆ ದೂಡಿದ್ದು ಸಾಲ. ಇಲ್ಲೂ ಓಟವಿದೆ, ಆದರೆ ಮಿಯಾಬೆ ನಡುನಡುವೆ ಬೇಕೆಂದೇ ಬ್ರೇಕು ಹಾಕುತ್ತಾರೆ. ದಿವಾಳಿ ಪ್ರಕರಣಗಳ ವಕೀಲನೊಬ್ಬ ಕೂತು, ಕಾರ್ಡಿನ ಸಾಲಕ್ಕೆ ಬಿದ್ದವರೆಲ್ಲ ದುಂದುಗಾರರೆಂದು ತಿಳಿಯಬೇಡಿ ಎಂದು ಪುಟಗಟ್ಟಲೆ ವಿವರಿಸುತ್ತಾನೆ. ಕತೆಗೆ ಆತುರಪಡುವ ಓದುಗನಿಗೆ ಆ ಅಧ್ಯಾಯ ಭಾರ ಎನಿಸುತ್ತದೆ. ಆದರೆ ಅದಿಲ್ಲದಿದ್ದರೆ ಕಾಣೆಯಾದ ಹೆಂಗಸು ನಮಗೆ ಬರೀ ಸುಳಿವಾಗಿ ಉಳಿಯುತ್ತಿದ್ದಳು. ಹಿಗಾಶಿನೊ ನಮ್ಮ ಕುರುಡನ್ನು ತೋರಿಸುತ್ತಾರೆ, ಮಿಯಾಬೆ ಕಣ್ಣಿಗೆ ಮದ್ದು ಹಾಕುತ್ತಾರೆ. ಒಬ್ಬರನ್ನು ಓದಿ ಇನ್ನೊಬ್ಬರನ್ನು ಬಿಡುವುದು ನಷ್ಟ.

ಒಂದು ದಿನವನ್ನು ಇನ್ನೊಂದು ದಿನವಾಗಿಸುವ ಉಪಾಯ ಎಂದ ಕೂಡಲೇ ಕನ್ನಡದ ಪ್ರೇಕ್ಷಕರಿಗೆ ನೆನಪಾಗುವುದು ರವಿಚಂದ್ರನ್ ನಟಿಸಿದ ‘ದೃಶ್ಯ’ (2014). ಮಲಯಾಳದ ಮೂಲ ಚಿತ್ರದ ನಿರ್ದೇಶಕ ಜೀತು ಜೋಸೆಫ್, ತಮ್ಮ ಕತೆಗೆ ಈ ಕಾದಂಬರಿ ಆಧಾರವಲ್ಲ ಎಂದು ಹೇಳಿದ್ದಾರೆ. ಆ ತಕರಾರು ನನಗೆ ಬೇಡ. ಎರಡನ್ನೂ ಎದುರುಬದುರಾಗಿ ಇಟ್ಟಾಗ ಕಾಣುವ ವ್ಯತ್ಯಾಸ ಮಾತ್ರ ಮುಖ್ಯ. ಕೇಬಲ್ ನಡೆಸುವ ರಾಜೇಂದ್ರ ಪೊನ್ನಪ್ಪ ಹೋಟೆಲು, ಬಸ್ಸು, ಸಿನಿಮಾ ಮಂದಿರದವರ ನೆನಪಿನಲ್ಲಿ ತಾರೀಖನ್ನು ಸರಿಸುತ್ತಾನೆ. ಅದಕ್ಕಾಗಿ ಹೊಸದಾಗಿ ಯಾರೂ ಸಾಯಬೇಕಾಗಿಲ್ಲ. ಹಾಗಾಗಿ ನಾವು ಅವನ ಮನೆಯವರ ಪಕ್ಷ ವಹಿಸಿ ಹಾಯಾಗಿ ಹೊರಬರಬಹುದು. ಇಶಿಗಾಮಿಯ ಪಕ್ಷ ವಹಿಸಿದವರಿಗೆ ಆ ಹಾಯಿ ಇಲ್ಲ, ಇರಲೂಬಾರದು. ಅಧಿಕೃತವಾಗಿ ಈ ಕಾದಂಬರಿಯನ್ನೇ ಆಧರಿಸಿದ ಸುಜಯ್ ಘೋಷ್ ಅವರ ಹಿಂದಿ ಚಿತ್ರ ‘ಜಾನೇ ಜಾನ್’ (2023) ಕತೆಯನ್ನು ಕಾಲಿಂಪಾಂಗಿನ ಮಂಜಿಗೆ ಕೊಂಡೊಯ್ದಿತು. ಅಲ್ಲೂ ನೋಡುಗರ ಮಾತೆಲ್ಲ ಮೇಷ್ಟ್ರ ಪ್ರೇಮದ ಸುತ್ತಲೇ ನಡೆಯಿತು.

ನಮ್ಮ ಜಿಲ್ಲಾ ಪುಟಗಳ ಮೂಲೆಯಲ್ಲಿ ಆಗಾಗ ಪೊಲೀಸ್ ಪ್ರಕಟಣೆ ಬರುತ್ತದೆ. ‘ಅಪರಿಚಿತ ಗಂಡಸಿನ ಶವ ಪತ್ತೆ. ವಯಸ್ಸು ಸುಮಾರು 45ರಿಂದ 50, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ತುಂಬುತೋಳಿನ ಅಂಗಿ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು.’ ಬಸ್ ನಿಲ್ದಾಣದಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕೆರೆಯ ಏರಿಯ ಮೇಲೆ ಸಿಕ್ಕವರು. ಪೊಲೀಸರ ಈ ಭಾಷೆ ದಶಕಗಳಿಂದ ಬದಲಾಗಿಲ್ಲ, ಅದರಲ್ಲಿ ಒಂದು ಬಗೆಯ ಕರ್ತವ್ಯನಿಷ್ಠೆಯೂ ಇದೆ: ಗೊತ್ತಿರುವಷ್ಟನ್ನು ಬರೆದು, ಬಲ್ಲವರು ಯಾರಾದರೂ ಬನ್ನಿ ಎಂದು ಕರೆಯುತ್ತದೆ. ನಾವು ಅದನ್ನು ಓದುವ ಬಗೆಯೂ ಬದಲಾಗಿಲ್ಲ. ಕ್ರಿಕೆಟ್ಟಿನ ಪುಟಕ್ಕೆ ಹೋಗುವ ಹಾದಿಯಲ್ಲಿ ಅದು ಇರುತ್ತದೆ. ಹಿಗಾಶಿನೊ ಓದಿದ ಮೇಲೆ ಆ ನಾಲ್ಕು ಸಾಲನ್ನು ದಾಟಿ ಹೋಗುವುದು ನನಗೆ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ. ರಾತ್ರಿಯೊಂದರಲ್ಲಿ ಓದಿ ಮುಗಿಸಿದ ಪುಸ್ತಕವೊಂದು ಇಷ್ಟು ಮಾಡಿದ್ದರೆ, ಅದನ್ನು ಹಗುರವೆಂದು ಬದಿಗಿಡಲು ನಾನು ಒಪ್ಪುವುದಿಲ್ಲ.

ವಿಮರ್ಶಕರಲ್ಲಿ ನನ್ನ ಕೋರಿಕೆ: ಒಂದು ಪುಸ್ತಕ ಎಷ್ಟು ಬೇಗ ಓದಿಸಿಕೊಂಡಿತು ಎಂಬುದರ ಮೇಲೆ ತೂಕ ನಿರ್ಧರಿಸುವುದನ್ನು ಬಿಡಿ, ಆ ವೇಗದಲ್ಲಿ ಅದು ನಮ್ಮಿಂದ ಏನನ್ನು ಮರೆಸಿತು, ಮರೆಸಿದ್ದನ್ನು ಕೊನೆಗೆ ಎದುರು ತಂದು ನಿಲ್ಲಿಸಿತೇ ಎಂದು ಕೇಳಿ. ಮರೆಸಿ ಸುಮ್ಮನಾಗುವ ಪತ್ತೇದಾರಿ ಕಾದಂಬರಿಗಳು ರಾಶಿಗಟ್ಟಲೆ ಇವೆ. ಅವುಗಳ ಜೊತೆ ಇದನ್ನು ಕಟ್ಟಬೇಡಿ. ಓದುಗರಲ್ಲಿ ಕೋರಿಕೆ ಇನ್ನೂ ಚಿಕ್ಕದು. ಈ ಕಾದಂಬರಿಯನ್ನು ಈಗಾಗಲೇ ಓದಿದ್ದರೆ, ಪುಸ್ತಕ ಮತ್ತೆ ತೆಗೆದು ಇಶಿಗಾಮಿ ನದಿ ದಂಡೆಗೆ ಇಳಿಯುವ ಆ ಮೊದಲ ಕೆಲವು ಪುಟಗಳನ್ನು ಮಾತ್ರ ನಿಧಾನವಾಗಿ ಓದಿ. ಹತ್ತು ನಿಮಿಷ ಸಾಕು.